ಒಗ್ಗರಣೆ ಡಬ್ಬಿಯ ಮೇಷ್ಟ್ರು

ಹೋದ ತಿಂಗಳ ಕೊನೆಗೆ ನಮ್ಮ ಮೇಷ್ಟ್ರು ನಿವೃತ್ತರಾದರು. ಕೆ.ಆರ್. ಪೇಟೆಯ ಕಾಲೇಜಿನಲ್ಲಿ ಬೀಳ್ಕೊಡುಗೆ ಇತ್ತು, ಹಳೇ ವಿದ್ಯಾರ್ಥಿನಿ ಅಂತ ನನ್ನನ್ನೂ ಕರೆದಿದ್ದರು. ವೇದಿಕೆ ಹತ್ತಿದವರೆಲ್ಲ ಶಾಂತಮೂರ್ತಿ, ಸಹನಾಮೂರ್ತಿ ಎಂದು ಹೊಗಳಿದ್ದೇ ಹೊಗಳಿದ್ದು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ನಗು ಬಂತು. ಶಾಂತಿಗೂ ನಮ್ಮ ಮೇಷ್ಟ್ರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಪರೀಕ್ಷೆ ಹತ್ತಿರ ಬಂತೆಂದರೆ ಆ ಮನುಷ್ಯ ಒಂದು ಕಡೆ ಕೂರುತ್ತಿರಲಿಲ್ಲ, ನಮ್ಮನ್ನೂ ಕೂರಲು ಬಿಡುತ್ತಿರಲಿಲ್ಲ. ಅವರು ಕಾರಿಡಾರಿನ ಆ ತುದಿಯಲ್ಲಿ ಕಾಣಿಸಿದರೆ ಈ ತುದಿಯಲ್ಲಿ ನಾವು ನೋಟ್ ಬುಕ್ಕು ತೆಗೆದು ತಿರುವತೊಡಗುತ್ತಿದ್ದೆವು.

ಶ್ರೀರಂಗಪಟ್ಟಣದವರು. ದೇವಸ್ಥಾನದ ಸೇವೆಯ ಮನೆತನ. ಅಣ್ಣ ಪೂಜೆಗೆ ನಿಂತರು, ಇವರು ಜೀವಶಾಸ್ತ್ರಕ್ಕೆ ನಿಂತರು. ದಿನಾ ಬಸ್ಸಿನಲ್ಲಿ ಪಾಂಡವಪುರದ ಮೇಲೆ ಕೆ.ಆರ್. ಪೇಟೆಗೆ ಬರುತ್ತಿದ್ದರು. ಹಣೆಯ ಮೇಲೆ ತೆಳ್ಳನೆಯ ನಾಮ, ಇಸ್ತ್ರಿಯ ಮುಖ ಕಾಣದ ತಿಳಿನೀಲಿ ಅಂಗಿ, ಹೆಗಲಲ್ಲಿ ಹಳದಿ ಬಟ್ಟೆಯ ಚೀಲ. ಚೀಲದಲ್ಲಿ ಮನೆಯಿಂದ ತಂದ ನೀರು ಇರುತ್ತಿತ್ತು, ಹೊರಗೆ ಎಲ್ಲೂ ಏನನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ನಮ್ಮೆಲ್ಲರ ಸರ್ಟಿಫಿಕೇಟುಗಳ ಜೆರಾಕ್ಸ್ ಇರುತ್ತಿತ್ತು. ಅದರಡಿಯಲ್ಲಿ ಸ್ಟೀಲಿನ ಒಂದು ಒಗ್ಗರಣೆ ಡಬ್ಬಿ, ಏಳು ಬಟ್ಟಲಿನದು. ಅದನ್ನು ಅಡುಗೆಮನೆಯಿಂದ ಎತ್ತಿಕೊಂಡು ಬಂದವರು ವಾಪಸು ಕೊಡಲೇ ಇಲ್ಲ. ಅವರ ಮನೆಯವರು ನಾನು ಒಮ್ಮೆ ಹೋದಾಗ ಹೇಳಿದ್ದರು: "ಇವರ ಕಾಲೇಜಿನ ದೆಸೆಯಿಂದ ನಾನು ಇವತ್ತಿಗೂ ಸಾಸಿವೆ ಒಂದು ಬಾಟಲಿ, ಮೆಂತ್ಯ ಒಂದು ಬಾಟಲಿ ಅಂತ ಹುಡುಕ್ತಾ ನಿಂತಿರ್ತೀನಮ್ಮ, ಇಲ್ಲಿ ಎಣ್ಣೆ ಹೊತ್ತಿ ಹೋಗಿರುತ್ತೆ."

ಆ ಡಬ್ಬಿ ಯಾಕೆ ಎಂದು ಹೇಳಬೇಕು. ಪಿಯುಸಿ ಮುಗಿಸಿ ಕೃಷಿ ಪದವಿಗೆ ಹೋಗುವವರಿಗೆ ಸಿಇಟಿ ಇದೆ. ಅದರಲ್ಲಿ ರೈತರ ಮಕ್ಕಳಿಗೆ ಅಂತ ಬೇರೆ ಸೀಟುಗಳಿವೆ. ಆದರೆ ಅಪ್ಪನ ಪಹಣಿ ತೋರಿಸಿದ ಮಾತ್ರಕ್ಕೆ ಸೀಟು ಸಿಗುವುದಿಲ್ಲ, ಪ್ರಾಯೋಗಿಕ ಪರೀಕ್ಷೆಯೊಂದನ್ನು ಎದುರಿಸಬೇಕು. ಮೇಜಿನ ಮೇಲೆ ಬೀಜ, ಗೊಬ್ಬರ, ಕಳೆ, ಹುಳ, ಸಲಕರಣೆ ಸಾಲಾಗಿ ಇಟ್ಟಿರುತ್ತಾರೆ. ಒಂದೊಂದರ ಮುಂದೆ ನಿಂತು ಇದು ಇಂಥದ್ದು ಎಂದು ಬರೆಯಬೇಕು, ಗಂಟೆ ಹೊಡೆದ ತಕ್ಷಣ ಮುಂದಕ್ಕೆ ಸರಿಯಬೇಕು. ರೈತರ ಮಕ್ಕಳಿಗೆ ಇದೇನು ಮಹಾ ಅನ್ನಿಸಬಹುದು. ನಮ್ಮ ಕಾಲೇಜಿನ ಮಕ್ಕಳು ವರ್ಷವೂ ಅದರಲ್ಲೇ ಮುಗ್ಗರಿಸುತ್ತಿದ್ದರು. ಐದನೇ ಕ್ಲಾಸಿಗೇ ಹಾಸ್ಟೆಲು ಸೇರಿದ ನಮಗೆ ಹೊಲವೆಂದರೆ ಬಸ್ಸಿನ ಕಿಟಕಿಯಿಂದ ಕಾಣುವ ಹಸಿರು, ಅಷ್ಟೇ.

ಮೇಷ್ಟ್ರಿಗೆ ಇದು ತಲೆಗೆ ಹತ್ತಿದ್ದು ಹೀಗೆ. ಆರೆಕರೆ ಹೊಲವಿದ್ದ ಮನೆಯ ಹುಡುಗನೊಬ್ಬ ಹುಚ್ಚೆಳ್ಳನ್ನು ನೋಡಿ ಕರಿಜೀರಿಗೆ ಎಂದು ಬರೆದು ಬಂದನಂತೆ. ಒಂದು ಗುಂಟೆ ಭೂಮಿಯೂ ಇಲ್ಲದ ಮೇಷ್ಟ್ರು ಕೂಗಾಡಿದರಂತೆ: "ನಿಮ್ಮನೇಲಿ ಬಿತ್ತೋದು, ನಮ್ಮನೇಲಿ ಚಟ್ನಿಪುಡಿ ಮಾಡೋದು. ನನಗೆ ಗೊತ್ತಿದೆ, ನಿನಗೆ ಗೊತ್ತಿಲ್ಲ! ನಾಚಿಕೆ ಆಗಲ್ವೇನೋ?" ಮಾರನೇ ದಿನ ಡಬ್ಬಿ ಬಂತು.

ನಾನು ಅವರ ಕೈಗೆ ಸಿಕ್ಕಿದ್ದು ಪಿಯುಸಿ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ. ನಮ್ಮೂರು ನಾಗಮಂಗಲ ತಾಲ್ಲೂಕು, ಹೊಣಕೆರೆ ಹೋಬಳಿ. ನನಗೂ ಪಾಂಡವಪುರದ ಕಡೆಯ ಸವಿತಾಗೂ ಹಾಸ್ಟೆಲಿನಲ್ಲಿ ಒಂದೇ ರೂಮು, ಒಂದೇ ಬಕೆಟ್ಟು, ಒಂದೇ ಆಸೆ. ರಜೆಯಲ್ಲಿ ಹಾಸ್ಟೆಲಿಗೆ ಬೀಗ ಹಾಕಲು ಹೊರಟಿದ್ದ ವಾರ್ಡನ್ನಿನ ಬೆನ್ನು ಹತ್ತಿ, ಪರೀಕ್ಷೆ ಬರೆಯುವ ನಾವು ಏಳು ಜನಕ್ಕೆ ಜಾಗ ಉಳಿಸಿಕೊಟ್ಟವರೂ ಮೇಷ್ಟ್ರೇ. ನನ್ನ ಸಿಇಟಿ ಅಷ್ಟಕ್ಕಷ್ಟೇ ಆಗಿತ್ತು. ಈ ಪ್ರಾಯೋಗಿಕ ಪರೀಕ್ಷೆ ಎತ್ತಿ ಹಿಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: "ಸೀಟು ಬಂದ್ರೆ ಕಳುಸ್ತೀನಿ ಕಣವ್ವ. ಇಲ್ಲ ಅಂದ್ರೆ ನಮ್ಮೂರ ಡೈರೀಲಿ ಟೆಸ್ಟರ್ ಕೆಲ್ಸ ಖಾಲಿ ಐತೆ, ನಾನು ಮಾತಾಡಿವ್ನಿ." ಬೆಳಗ್ಗೆ ಸಂಜೆ ಊರವರ ಕ್ಯಾನಿನ ಮುಂದೆ ನಿಂತು ಹಾಲಿನ ಫ್ಯಾಟು ನೋಡುವ ಕೆಲಸ. ಅದನ್ನು ನೆನೆದರೆ ನನಗೆ ಊಟ ಸೇರುತ್ತಿರಲಿಲ್ಲ.

ಪಾಠದ ರೀತಿ ಇಷ್ಟೇ. ಮೇಜಿನ ಮೇಲೆ ಡಬ್ಬಿ ತೆರೆದಿಡುವುದು. ಏಳು ಬಟ್ಟಲಲ್ಲಿ ಏಳು ಕಾಳು, ವಾರಕ್ಕೊಮ್ಮೆ ಹೊಸವು. ಹೆಸರಿನ ಚೀಟಿ ಬಟ್ಟಲಿನ ತಳಕ್ಕೆ ಅಂಟಿಸಿರುತ್ತಿತ್ತು. ನಾವು ಒಬ್ಬೊಬ್ಬರಾಗಿ ಹೋಗಿ ನೋಡಿ ಬರೆಯಬೇಕು. ಅವರು ಮನಸ್ಸಿನಲ್ಲೇ ಎಣಿಸುತ್ತಾ ನಿಂತು ಠಣ್ಣನೆ ಮುಚ್ಚಳ ಹಾಕುತ್ತಿದ್ದರು. ಬೆರಳು ಒಳಗಿದ್ದರೆ ಬೆರಳಿಗೇ. ಆಮೇಲೆ ಬಟ್ಟಲು ಎತ್ತಿ ತಳದ ಚೀಟಿ ತೋರಿಸುವುದು. ತಪ್ಪಿದರೆ ಅದೇ ಮಾತು: "ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನು. ಊಹೆ ಹೊಡೀಬೇಡ. ಹೊಲದಲ್ಲಿ ಊಹೆ ನಡೆಯಲ್ಲ." ಇವತ್ತಿಗೂ ಸ್ಟೀಲು ಮುಚ್ಚಳದ ಸದ್ದು ಕೇಳಿದರೆ ನನ್ನ ಕೈ ಪೆನ್ನು ಹುಡುಕುತ್ತದೆ.

ಎದುರಾಡುವ ಹಾಗಿರಲಿಲ್ಲ. ಒಬ್ಬ ಹುಡುಗ ಒಮ್ಮೆ ಅಲಸಂದೆ ವಿಚಾರಕ್ಕೆ "ಇಲ್ಲ ಸಾ, ಇದು ಬೇರೆ" ಅಂದ. ಮೇಷ್ಟ್ರ ಕಿವಿ ಕೆಂಪಾದವು. "ನಿನಗೇ ಗೊತ್ತಿದ್ದರೆ ನಾನ್ಯಾಕಪ್ಪ ಶ್ರೀರಂಗಪಟ್ಟಣದಿಂದ ಬಸ್ಸಲ್ಲಿ ಜೋತಾಡಿಕೊಂಡು ಬರಬೇಕು?" ಎಂದು ಡಬ್ಬಿ ಮುಚ್ಚಿ, ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟರು. ಅವತ್ತು ಇಡೀ ದಿನ ಪಾಠವಿಲ್ಲ. ಕೊನೆಗೆ ನೋಡಿದರೆ ಮೇಷ್ಟ್ರೇ ಸರಿ, ಹುಡುಗನೇ ತಪ್ಪು. ಆಮೇಲೆ ಯಾರೂ ಬಾಯಿ ತೆರೆಯಲಿಲ್ಲ.

ಹಾಗಂತ ಬರೀ ಸಿಡುಕು ಎಂದರೆ ಪಾಪ ಬರುತ್ತದೆ. ನಮ್ಮ ಹೊಲದ ಪಹಣಿ ತಾತನ ಹೆಸರಲ್ಲೇ ಉಳಿದಿತ್ತು. ತಾತ ತೀರಿಕೊಂಡು ಎಷ್ಟೋ ವರ್ಷವಾಗಿದ್ದರೂ ಅಪ್ಪ ಖಾತೆ ಬದಲಾಯಿಸಿಕೊಂಡಿರಲಿಲ್ಲ. ನಮ್ಮ ಕಡೆ ಮನೆಗೊಬ್ಬರಂತೆ ಮಾಡುವ ತಪ್ಪು ಇದು. ಅಪ್ಪ ರೈತ ಹೌದೋ ಅಲ್ಲವೋ ಎಂದು ಸರ್ಕಾರಕ್ಕೆ ತಿಳಿಯುವ ಹೊತ್ತಿಗೆ ಅರ್ಜಿಯ ದಿನ ಮುಗಿಯುತ್ತಿತ್ತು. ಮೇಷ್ಟ್ರು ಬೆಳಗ್ಗೆ ಆರಕ್ಕೆ, ಹಾಲು ಕರೆಯುವ ಹೊತ್ತಿಗೆ ಸರಿಯಾಗಿ, ಅಪ್ಪನಿಗೆ ಫೋನು ಮಾಡಿ ಬೈಯುತ್ತಿದ್ದರು. "ಅಯ್ನೋರ ಫೋನು ಬಂದ್ರೆ ಹಸ ಒದೀತದೆ" ಎಂದು ಅಪ್ಪ ಗೊಣಗುತ್ತಿದ್ದ. ಕೊನೆಗೆ ಮೇಷ್ಟ್ರೇ ಹೊಣಕೆರೆಗೆ ಬಂದು ನಾಡಕಚೇರಿಯ ಜಗಲಿಯಲ್ಲಿ ಇಡೀ ದಿನ ಅತ್ತಿಂದಿತ್ತ ತಿರುಗಿದರು. ಅಜ್ಜಿಯ ಹೆಬ್ಬೆಟ್ಟು ಬೇಕೆಂದಾಗ ಟ್ರಾಕ್ಟರಿನಲ್ಲಿ ಅಜ್ಜಿಯನ್ನು ಕರೆಸಿದರು. ಸಂಜೆ ಕಚೇರಿ ಬಾಗಿಲು ಹಾಕುವ ಮುಂಚೆ ಸಹಿ ಬಿತ್ತು. ಬಸ್ಸು ಹತ್ತುವ ಮುಂಚೆ ಅಜ್ಜಿ ಒಂದು ಲೋಟ ಮಜ್ಜಿಗೆ ಹಿಡಿದಳು. "ಬೇಡಿ ತಾಯಿ, ಹೊರಗೆ ಕುಡಿಯಲ್ಲ" ಎಂದು ಕೈಮುಗಿದು ಬಸ್ಸು ಹತ್ತಿದರು.

ಪರೀಕ್ಷೆಗೆ ಹದಿನೈದು ದಿನ ಇದ್ದಾಗ ಕಿರುಧಾನ್ಯದ ಸರದಿ ಬಂತು, ಪರೀಕ್ಷೆ ಮುಗಿಯುವವರೆಗೂ ಡಬ್ಬಿಯಲ್ಲಿ ಅವೇ ಎಂದರು ಮೇಷ್ಟ್ರು. ನವಣೆ, ಹಾರಕ, ಸಾಮೆ, ಬರಗು. ಎಲ್ಲವೂ ಒಂದೇ ಥರ ಕಂಡು ನನಗೆ ಅಳು ಬರುತ್ತಿತ್ತು. ಮನೆಯಲ್ಲಿ ನೋಡಿ ಕಲಿಯೋಣ ಎಂದು ಒಂದೊಂದು ಚಿಟಿಕೆ ಕಾಗದದಲ್ಲಿ ಕಟ್ಟಿಕೊಂಡು ಭಾನುವಾರ ಊರಿಗೆ ಒಯ್ದೆ. ಅಜ್ಜಿ ಜಗಲಿಯ ಬೆಳಕಿನಲ್ಲಿ ಪೊಟ್ಟಣ ಬಿಚ್ಚಿ ಒಂದೊಂದಾಗಿ ಹೇಳುತ್ತಾ ಬಂದವಳು ಒಂದರ ಹತ್ತಿರ ನಿಂತಳು.

"ಇದೇನಂತ ಯೋಳವ್ರೆ ನಿಮ್ ಮೇಷ್ಟ್ರು?"

"ಸಾಮೆ ಕಣಜ್ಜಿ."

"ಸಾಮೆ ಅಲ್ಲ ಕಣವ್ವ, ಊದ್ಲು. ಸಾಮೆ ನುಣ್ಣಗೆ ಜಾರ್ತದೆ. ಇದ್ಕೆ ನೋಡು, ಒಂದು ಕಡೆ ಚಪ್ಪಟೆ, ತುದೀಲಿ ಮೂಗು ಐತೆ. ನಾನು ಇದ್ನ ಕುಟ್ಟಿ ಕುಟ್ಟಿ ಕೈ ಬೊಬ್ಬೆ ಎದ್ದಿತ್ತು, ನಂಗೊತ್ತಿಲ್ವಾ?"

ಮೇಷ್ಟ್ರ ಡಬ್ಬಿ ತಪ್ಪಿರಲು ಸಾಧ್ಯವೇ? ಅಜ್ಜಿಗೆ ಕಣ್ಣು ಮಂಜು, ಅವಳದ್ದೇ ತಪ್ಪಿರಬಹುದು. ಸೋಮವಾರ ವಾಪಸು ಬಂದು ಬಟ್ಟಲನ್ನು ಬಗ್ಗಿ ನೋಡಿದೆ. ಮೂಗು ಇತ್ತು. ಬಾಯಿಯವರೆಗೆ ಬಂದ ಮಾತು ಮೇಷ್ಟ್ರ ಕಿವಿ ನೋಡಿ ಒಳಕ್ಕೆ ಹೋಯಿತು. ನಾಳೆ ಹೇಳೋಣ ಅಂದುಕೊಂಡೆ. ನಾಳೆಯೂ ಹಾಗೇ ಆಯಿತು. ದಿನ ಕಳೆದಷ್ಟೂ ಹೇಳುವುದು ಕಷ್ಟವಾಯಿತು, ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳಿದರೆ?

ಇನ್ನೊಂದನ್ನೂ ಇಲ್ಲಿ ಬರೆಯಲೇಬೇಕು. ಪರೀಕ್ಷೆಯ ಹಿಂದಿನ ಸಂಜೆ ಹಾಸ್ಟೆಲಿನ ಮೆಟ್ಟಿಲ ಮೇಲೆ ಸವಿತಾ ಕೇಳಿದಳು: "ಯಾಕೋ ಆ ಸಾಮೆ ಮ್ಯಾಲೆ ನಂಗೆ ಡೌಟು ಕಣೆ. ಪುಸ್ತಕದ ಚಿತ್ರ ಬ್ಯಾರೆ ಥರ ಐತೆ. ನಿಂಗೇನನ್ನಿಸ್ತದೆ?"

ನಾನು ಅವಳ ಮುಖ ನೋಡಲಿಲ್ಲ. "ಸಾ ಹೇಳವ್ರಲ್ಲ, ಬುಡು" ಅಂದೆ.

ಯಾಕೆ ಹಾಗಂದೆ ಎಂದು ಎಷ್ಟು ವರ್ಷದಿಂದ ಕೇಳಿಕೊಂಡಿದ್ದೇನೋ. ಹೆದರಿಕೆ ಎಂದು ಹೇಳಿಕೊಂಡರೆ ಚೆನ್ನಾಗಿರುತ್ತದೆ. ಆದರೆ ಒಂದು ಅಂಕ ನನಗೆ ಹೆಚ್ಚು ಬರಲಿ ಎಂಬ ಆಸೆಯೂ ಆ ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲೇ ಕೂತಿತ್ತು.

ಪರೀಕ್ಷೆಯ ದಿನ ಮೇಷ್ಟ್ರು ನಮಗಿಂತ ಮುಂಚೆ ಕೇಂದ್ರದ ಗೇಟಿನ ಹತ್ತಿರ ನಿಂತಿದ್ದರು. ಮುಖ ಒಣಗಿತ್ತು. "ಹಾಲ್ ಟಿಕೆಟ್ಟು? ಆಧಾರು? ಪೆನ್ನು ಎರಡು ಇದೆಯಾ?" ಎಂದು ಪ್ರತಿಯೊಬ್ಬರನ್ನೂ ಮೂರು ಮೂರು ಸಲ ಕೇಳಿದರು. ಒಳಗೆ ಹೋದೆವು. ನನ್ನ ಮುಂದಿನ ಮೇಜಿನಲ್ಲಿ ಸವಿತಾ. ಗಂಟೆ ಹೊಡೆದಂತೆಲ್ಲ ಅವಳು ಬಿಟ್ಟ ಮೇಜಿಗೆ ನಾನು. ಒಂದು ಕಡೆ ಅವಳು ಸ್ವಲ್ಪ ತಡೆದು, ತಲೆ ಆಡಿಸಿ, ಬರೆದು ಮುಂದೆ ಹೋದಳು. ನಾನು ಅಲ್ಲಿಗೆ ಹೋಗಿ ನೋಡಿದರೆ ಗಾಜಿನ ತಟ್ಟೆಯಲ್ಲಿ ಅದೇ ಕಾಳು. ಒಂದು ಕಡೆ ಚಪ್ಪಟೆ, ತುದಿಯಲ್ಲಿ ಮೂಗು. ಸಾಮೆ ಎಂದು ಬರೆದೆ. ಅಜ್ಜಿಯ ಕೈಯ ಬೊಬ್ಬೆ ನೆನಪಾಯಿತು. ಹೊಡೆದು ಹಾಕಿ ಊದಲು ಎಂದು ಬರೆದು ಮುಗಿಸುವುದಕ್ಕೂ ಗಂಟೆ ಹೊಡೆಯುವುದಕ್ಕೂ ಸರಿಹೋಯಿತು.

ಹೊರಗೆ ಹುಣಸೆ ಮರದ ಕೆಳಗೆ ಮೇಷ್ಟ್ರು ಎಲ್ಲರನ್ನೂ ನಿಲ್ಲಿಸಿಕೊಂಡು ಕೇಳತೊಡಗಿದರು. ಕಿರುಧಾನ್ಯ ಏನು ಕೊಟ್ಟಿದ್ದರು ಎಂದಾಗ ಆರು ಜನ ಒಟ್ಟಿಗೇ "ಸಾಮೆ ಸಾ" ಎಂದರು. ಮೇಷ್ಟ್ರ ಮುಖ ಅರಳಿತು. "ಭೇಷ್!" ಅಂದರು. ಅವರು ಹಾಗೆ ನಗುವುದನ್ನು ನಾನು ನೋಡಿಯೇ ಇರಲಿಲ್ಲ. ನನಗೆ ತಡೆಯಲಾಗಲಿಲ್ಲ.

"ನಾನು ಊದ್ಲು ಅಂತ ಬರ್ದೆ ಸಾ. ಅದಕ್ಕೆ ಮೂಗಿತ್ತು."

ಅವರು ಚೀಲದಿಂದ ಡಬ್ಬಿ ತೆಗೆದರು. ಸಾಮೆಯ ಬಟ್ಟಲನ್ನು ಅಂಗೈಗೆ ಸುರಿದುಕೊಂಡು ಬಿಸಿಲಿಗೆ ಹಿಡಿದರು. ಎಷ್ಟು ಹೊತ್ತು ನೋಡಿದರೋ. ಆಮೇಲೆ ಉಳಿದವರಿಗೆ "ಹೋಗಿ, ತಿಂಡಿ ತಿಂದು ಬನ್ನಿ" ಎಂದರು. ನಾನು ಒಳಗೆ ನಿಂತು ನೋಡಿ ಅಂದಾಜಿನಲ್ಲಿ ಬರೆದೆ ಎಂದು ಸವಿತಾ ಅಂದುಕೊಂಡಳು. ಹಾಗೇ ಅಂದುಕೊಳ್ಳಲಿ ಎಂದು ನಾನೂ ಬಿಟ್ಟೆ.

"ಯಾರು ಹೇಳಿದ್ದು?"

"ನಮ್ಮಜ್ಜಿ ಸಾ."

"ಯಾವಾಗ?"

"ಹದಿನೈದು ದಿನ ಆಯ್ತು."

ಮೇಷ್ಟ್ರು ಮರದ ಕಟ್ಟೆಯ ಮೇಲೆ ಕೂತರು. ಪರೀಕ್ಷೆಯ ದಿನ ಅವರು ಕೂತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಬೈಗುಳಕ್ಕೆ ಕಾದು ನಿಂತೆ. ಅವರು ಮೆಲ್ಲಗೆ ಹೇಳಿದರು: "ಅಂಗಡಿಯವನು ಸಾಮೆ ಅಂದ, ನಾನು ಚೀಟಿ ಅಂಟಿಸಿದೆ. ಊಹೆ ಹೊಡೆದದ್ದು ನಾನು. ನನ್ನ ಹತ್ತಿರ ಹೇಳೋಕೆ ನಿನಗೆ ಹೆದರಿಕೆ, ಅದೂ ನನ್ನ ತಪ್ಪೇ. ಆದರೆ ಸವಿತಾ ಹತ್ತಿರ ಹೇಳೋಕೆ ಏನಮ್ಮ ಹೆದರಿಕೆ?"

ನಾನು ಬಗ್ಗಿ ಅವರ ಕಾಲ ಬಳಿ ಚೆಲ್ಲಿದ್ದ ಕಾಳು ಆಯತೊಡಗಿದೆ. ಅವರು ಮತ್ತೆ ಕೇಳಲಿಲ್ಲ.

ಫಲಿತಾಂಶ ಬಂತು. ನನಗೆ ಸೀಟು ಸಿಕ್ಕಿತು, ಕೊನೆಯ ಅಂಚಿನಲ್ಲಿ. ಸವಿತಾಗೆ ಸಿಗಲಿಲ್ಲ, ಅದೇ ಅಂಚಿನ ಆಚೆ. ಆ ಒಂದು ಕಾಳಿನಿಂದಲೇ ತಪ್ಪಿತು ಎಂದು ಯಾರೂ ಆಣೆ ಮಾಡಿ ಹೇಳಲಾರರು. ಹಾಗೆ ನನಗೆ ನಾನೇ ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಮೇಷ್ಟ್ರು ಸವಿತಾಳ ಮನೆಗೆ ಹೋಗಿ ಅವಳಪ್ಪನ ಮುಂದೆ ನಿಂತು, ತಪ್ಪು ನನ್ನದು, ನಾನೇ ತಪ್ಪು ಹೇಳಿಕೊಟ್ಟೆ ಎಂದು ಒಪ್ಪಿಕೊಂಡರಂತೆ. ನನ್ನ ಹೆಸರು ಎತ್ತಲಿಲ್ಲ. ಉಳಿದ ಐದು ಮನೆಗೂ ಹಾಗೇ ಹೋದರಂತೆ. ನಮ್ಮೂರಿಗೂ ಬಂದರು. ಅಜ್ಜಿಯ ಎದುರು ಜಗಲಿಯ ಮೇಲೆ ಡಬ್ಬಿ ತೆರೆದಿಟ್ಟು "ಒಂದೊಂದಾಗಿ ನೋಡಿ ಹೇಳಿ ತಾಯಿ" ಎಂದರು. ಅಜ್ಜಿ ಹೇಳಿದಳು, ಅವರು ನೋಟ್ ಬುಕ್ಕಿನಲ್ಲಿ ಬರೆದುಕೊಂಡರು. ನಡುವೆ ಅಜ್ಜಿ ಮಜ್ಜಿಗೆ ತಂದಿಟ್ಟಳು. ಮಾತಾಡುತ್ತಲೇ ಎತ್ತಿ ಕುಡಿದರು.

ನಾನು ಕೃಷಿ ಓದಿದೆ. ಈಗ ನಾಗಮಂಗಲ ಕಡೆ ರೈತ ಸಂಪರ್ಕ ಕೇಂದ್ರದಲ್ಲಿ ಕೆಲಸ, ಬೀಜ ಗೊಬ್ಬರದ ನಡುವೆಯೇ ಬದುಕು. ಸವಿತಾ ಪಾಂಡವಪುರದಲ್ಲಿ ಡಿಗ್ರಿ ಮಾಡಿದಳು, ಈಗ ತನ್ನೂರ ಡೈರಿಯಲ್ಲಿ ಟೆಸ್ಟರ್. ನಾನು ಯಾವುದಕ್ಕೆ ಹೆದರಿ ಊಟ ಬಿಟ್ಟಿದ್ದೆನೋ ಆ ಕೆಲಸ. ಹಬ್ಬಕ್ಕೆ ಮೆಸೇಜು ಕಳಿಸುತ್ತಾಳೆ, ನಾನೂ ಕಳಿಸುತ್ತೇನೆ. ಎದುರಾಗದ ಹಾಗೆ ನೋಡಿಕೊಂಡು ಬಂದಿದ್ದೇನೆ.

ಬೀಳ್ಕೊಡುಗೆಯಲ್ಲಿ ಈಚಿನ ಬ್ಯಾಚಿನ ಹುಡುಗಿಯೊಬ್ಬಳು ಮೈಕು ಹಿಡಿದು ಒಂದು ಮಾತು ಹೇಳಿದಳು. ಸಾರ್ ಪ್ರತಿ ವರ್ಷ ಡಬ್ಬಿಯ ಒಂದು ಬಟ್ಟಲಿಗೆ ಬೇಕೆಂದೇ ತಪ್ಪು ಚೀಟಿ ಅಂಟಿಸುತ್ತಾರೆ, ಯಾರಾದರೂ ಎದ್ದು "ಸಾ, ಇದು ತಪ್ಪು" ಅನ್ನುವ ತನಕ ಮುಂದಿನ ಪಾಠವೇ ಇಲ್ಲ, ಹೇಳಿದವರಿಗೆ ಕೈಮುಗಿಯುತ್ತಾರೆ ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಲೆ ತಗ್ಗಿಸಿಕೊಂಡು ಕೂತಿದ್ದೆ. ಹದಿನೈದು ದಿನ ಬಾಯಿ ಮುಚ್ಚಿಕೊಂಡಿದ್ದ ಒಬ್ಬಳಿಂದಾಗಿ ಆ ಪಾಠ ಹುಟ್ಟಿತೆಂದು ಅಲ್ಲಿ ತಿಳಿದಿದ್ದವರು ಇಬ್ಬರೇ.

ಕಾರ್ಯಕ್ರಮ ಮುಗಿದ ಮೇಲೆ ಮೇಷ್ಟ್ರು ಡಬ್ಬಿಯನ್ನು ನನ್ನ ಕೈಗಿಟ್ಟರು. "ಭಾನುವಾರ ಭಾನುವಾರ ಬಂದು ಮಕ್ಕಳಿಗೆ ಹೇಳಿಕೊಡಮ್ಮ. ಇನ್ನು ನನ್ನ ಕೈಲಿ ಬಸ್ಸು ಆಗಲ್ಲ" ಎಂದರು. ಬಸ್ ಸ್ಟ್ಯಾಂಡಿಗೆ ಬಂದು ನಾಗಮಂಗಲದ ಬಸ್ಸಿನಲ್ಲಿ ಕೂತು ಮುಚ್ಚಳ ತೆಗೆದೆ. ಒಂದೊಂದೇ ಬಟ್ಟಲು ನೋಡಿ, ಎತ್ತಿ, ತಳ ನೋಡಿದೆ. ಐದನೆಯದರ ಚೀಟಿ ಸಾಮೆ. ಮೇಲೆ ಇದ್ದ ಕಾಳಿಗೆ ಮೂಗಿತ್ತು. ಕೂತಲ್ಲೇ ಫೋನು ಮಾಡಿದೆ.

"ಸಾ, ಸಾಮೆ ಚೀಟಿ ಇರೋ ಬಟ್ಟಲಲ್ಲಿ ಊದ್ಲು ಐತೆ."

"ಗೊತ್ತಾಗಿ ಎಷ್ಟು ಹೊತ್ತಾಯ್ತು?"

"ಈಗ್ಲೇ ಸಾ. ಬಸ್ಸು ಇನ್ನೂ ಹೊರಟಿಲ್ಲ."

"ಒಳ್ಳೇದಮ್ಮ. ನನಗೆ ಹೇಳಿದೆ" ಎಂದರು. 'ನನಗೆ' ಎಂಬುದನ್ನು ಒತ್ತಿ ಹೇಳಿ ಫೋನು ಇಟ್ಟರು.

ಡ್ರೈವರು ಹತ್ತಿ ಬಸ್ಸು ಸ್ಟಾರ್ಟ್ ಮಾಡಿದ. ನಾನು ಡಬ್ಬಿ ಎದೆಗವಚಿಕೊಂಡು ಇಳಿದೆ. ಪಕ್ಕದಲ್ಲಿ ಪಾಂಡವಪುರದ ಬಸ್ಸು ನಿಂತಿತ್ತು, ಅದನ್ನು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಉರು ಹೊಡೆಯುತ್ತಿದ್ದೆ, ಪರೀಕ್ಷೆಗೆ ಹೊರಟ ಹುಡುಗಿಯ ಹಾಗೆ.

ನಾನು ಹೋದಾಗ ಡೈರಿಯ ಮುಂದೆ ಸಂಜೆಯ ಸಾಲು ನಿಂತಿತ್ತು. ಸವಿತಾ ಮೆಷಿನ್ನಿನ ಮುಂದೆ ಹಾಲಿನ ಸ್ಯಾಂಪಲ್ಲು ಹಿಡಿದಿದ್ದವಳು ನನ್ನನ್ನು ನೋಡಿ "ಅಯ್ಯೋ, ಇದೇನೇ ನೀನು!" ಎಂದು ನಕ್ಕಳು. ಡಬ್ಬಿ ನೋಡಿ ಇನ್ನೂ ನಕ್ಕಳು. ನಾನು ಅದನ್ನು ಅವಳ ಮೇಜಿನ ಮೇಲಿಟ್ಟು ತೆರೆದು ಆ ಬಟ್ಟಲನ್ನು ಮುಂದೆ ತಳ್ಳಿದೆ.

"ಇದು ಊದ್ಲು ಅಂತ ನಂಗೆ ಪರೀಕ್ಷೆಗೆ ಹದಿನೈದು ದಿನ ಮುಂಚೇನೇ ಗೊತ್ತಿತ್ತು ಕಣೆ. ಆವತ್ತು ಮೆಟ್ಲ ಮ್ಯಾಲೆ ನೀನು ಕೇಳ್ದಾಗ್ಲೂ ಗೊತ್ತಿತ್ತು. ನಾನು ಯೋಳ್ಲಿಲ್ಲ."

ಅವಳ ನಗು ನಿಂತಿತು. ಕಾಳು ನೋಡಿದಳು, ನನ್ನನ್ನು ನೋಡಿದಳು. ಹಿಂದೆ ನಿಂತವರು ಕ್ಯಾನು ಕುಟ್ಟಿದರು. ನನಗೆ ಏನು ಮಾಡಬೇಕೋ ತೋಚದೆ ಮುಚ್ಚಳಕ್ಕೆ ಕೈ ಹಾಕಿದೆ.

"ಮುಚ್ಬೇಡ" ಎಂದಳು ಸವಿತಾ. ಸ್ಯಾಂಪಲ್ಲನ್ನು ಮೆಷಿನ್ನಿಗೆ ಹಿಡಿದಳು. "ಅಲ್ಲಿ ಕೂತ್ಕೊ. ಹಾಲು ಮುಗೀಲಿ, ಮಾತಾಡವ."

ಡಬ್ಬಿಯನ್ನು ತೆರೆದಿಟ್ಟುಕೊಂಡೇ ನಾನು ಕೂತೆ.